ಅವ್ವನ ಮಣೆ, ನಾನು ಕೊಡಿಸಿದ ಗೀಸರ್ ಮತ್ತು ನಮ್ಮ ಹಳೇ ಮನೆಯ ವೈರಿಂಗ್

ಕಳೆದ ವರ್ಷ ದೀಪಾವಳಿಗೆ ಹದಡಿಗೆ ಹೋಗಿದ್ದೆ. ಬೆಳಿಗ್ಗೆ ಆರೂವರೆ. ಕಾಫಿಗೆ ಹಾಲು ಬೇಕಿತ್ತು. ಫ್ರಿಡ್ಜ್ ಮುಂದೆ ಒಂದು ಮರದ ಮಣೆ ಬಿದ್ದಿತ್ತು. ಅಡ್ಡ ಬಂತು ಅಂತ ಕಾಲಲ್ಲಿ ಸರಿಸಿ ಬಾಗಿಲಿಗೆ ಕೈ ಹಾಕಿದೆ. ಮೊಣಕೈವರೆಗೂ ಜುಮ್ ಅಂತು.

"ಮಣೆ ಮ್ಯಾಲೆ ನಿಂತು ತೆಗೀಬೇಕವ್ವ. ಇಲ್ಲಾಂದ್ರೆ ರಬ್ಬರ್ ಚಪ್ಲಿ ಹಾಕ್ಕೋ. ಬೆಳಿಗ್ಗೆ ಹೊತ್ತು ಸ್ವಲ್ಪ ಜಾಸ್ತಿ ಹೊಡಿತೈತಿ" ಅಂದಳು ಅವ್ವ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಾ. ಉಪ್ಪು ಕಡಿಮೆ ಆಗೈತಿ ಅನ್ನೋ ಥರ.

ಎಷ್ಟು ದಿನದಿಂದ ಹೀಗೆ ಅಂತ ಕೇಳಿದೆ. "ಒಂದು ವರ್ಷ ಆಗಿರಬಹುದು" ಅಂದಳು. ದಿನಾ ರಾತ್ರಿ ಫೋನ್ ಮಾಡ್ತೀನಿ. ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ಯಾ, ಮಳೆ ಬಂತಾ, ಎಲ್ಲ ಕೇಳ್ತೀನಿ. ಇದೊಂದು ವಿಷಯ ಒಂದು ದಿನವೂ ಬಂದಿರಲಿಲ್ಲ.

ಐದು ಬಲ್ಬಿನ ಮನೆ

ನಮ್ಮದು ಅಜ್ಜ 1974ರಲ್ಲಿ ಕಟ್ಟಿಸಿದ ಮನೆ. ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಹಿಂದೆ ಬಚ್ಚಲು, ಅದರಾಚೆ ಹಸುವಿನ ಕೊಟ್ಟಿಗೆ. ಕರೆಂಟು ಬಂದಾಗ ಐದು ಬಲ್ಬು, ಒಂದು ರೇಡಿಯೋ. ಗೋಡೆ ಮೇಲೆ ಮರದ ಪಟ್ಟಿ, ಅದರ ಮೇಲೆ ಅಲ್ಯೂಮಿನಿಯಂ ವೈರು, ಬಾಗಿಲ ಮೇಲೆ ಪಿಂಗಾಣಿ ಫ್ಯೂಸ್. ಆಮೇಲೆ ಮಿಕ್ಸಿ ಬಂತು, ಟಿವಿ ಬಂತು, ಫ್ರಿಡ್ಜ್, ವಾಷಿಂಗ್ ಮಷೀನ್, ವೈಫೈ ಬಂತು. ನನ್ನ ಮೊದಲ ಬೋನಸ್ಸಿನಲ್ಲಿ ಅವ್ವನಿಗೆ ಗೀಸರ್ ಕೊಡಿಸಿದೆ. ಸಾಮಾನು ಬದಲಾಗುತ್ತಾ ಹೋಯಿತು, ಗೋಡೆ ಮೇಲಿನ ವೈರು ಮಾತ್ರ ಅದೇ.

ಅವತ್ತೇ ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಊರಲ್ಲಿ ಎಲ್ಲರೂ ಅವರನ್ನು ಕರೆಂಟಣ್ಣ ಅಂತಲೇ ಕರೆಯೋದು. ದಾವಣಗೆರೆಯಲ್ಲಿ ಐಟಿಐ ಮುಗಿಸಿ, ವೈರ್‌ಮನ್ ಪರ್ಮಿಟ್ ತಗೊಂಡವರು. ಬಂದವರು ಮೊದಲು ಕೇಳಿದ್ದು ಅವ್ವನನ್ನು: "ಅಕ್ಕಾರೆ, ಯಾವಾಗ ಹೊಡಿತೈತ್ರೀ?"

ಬೆಳಿಗ್ಗೆ ಜಾಸ್ತಿ ಅಂತ ಅವ್ವ ಹೇಳಿದ್ದೇ ತಡ, ಸೀದಾ ಬಚ್ಚಲಿಗೆ ಹೋಗಿ ಗೀಸರ್ ಪ್ಲಗ್ ಕಿತ್ತರು. ವಾಪಸ್ ಬಂದು ಫ್ರಿಡ್ಜಿಗೆ ಟೆಸ್ಟರ್ ಹಿಡಿದರು. ಉರಿಯಲಿಲ್ಲ. ಗೀಸರ್ ಹಾಕಿಸಿದರು. ಫ್ರಿಡ್ಜಿನ ಮೇಲೆ ಟೆಸ್ಟರ್ ಕೆಂಪಗೆ ಉರಿಯಿತು.

ಮೂರನೇ ತೂತು

ಆಮೇಲೆ ಹೋಲ್ಡರಿಗೆ ಎರಡು ವೈರ್ ಕಟ್ಟಿದ ಒಂದು ಬಲ್ಬು ತೆಗೆದರು. ಸಾಕೆಟ್ಟಿನ ಫೇಸ್ ಮತ್ತು ನ್ಯೂಟ್ರಲ್‌ಗೆ ಇಟ್ಟಾಗ ಬಲ್ಬು ಝಗ್ ಅಂತ ಉರಿಯಿತು. ಫೇಸ್ ಮತ್ತು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥ್‌ಗೆ ಇಟ್ಟರು. ಮಿಣುಕ್ ಅನ್ನಲಿಲ್ಲ.

"ನೋಡಮ್ಮ, ಈ ಮೂರನೇ ತೂತು ಬರೀ ಚಂದಕ್ಕೈತಿ."

ಕಾರಣ ಹುಡುಕಿದ್ದು ಬಚ್ಚಲಿನಲ್ಲಿ. ಹಿಂದೆ ಯಾರೋ ಮನೆಯ ಅರ್ಥ್ ವೈರುಗಳನ್ನೆಲ್ಲ ಸೇರಿಸಿ ಕಬ್ಬಿಣದ ನೀರಿನ ಪೈಪಿಗೆ ಸುತ್ತಿದ್ದರು. ಆ ಪೈಪು ನೆಲದೊಳಗೆ ಹೋಗುತ್ತಿದ್ದರಿಂದ ಹೇಗೋ ನಡೆದಿತ್ತು. ತುಕ್ಕು ಹಿಡಿಯಿತು ಅಂತ ಪೈಪ್‌ಲೈನ್ ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ನಲ್ಲಿ ಹತ್ತಿರದ ಮೊಳದುದ್ದ ಕಬ್ಬಿಣ ಮಾತ್ರ ಗೋಡೆಯಲ್ಲಿ ಉಳಿಯಿತು, ಅರ್ಥ್ ವೈರು ಅದಕ್ಕೇ ಸುತ್ತಿಕೊಂಡಿತ್ತು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯಲ್ಲ. ಗೀಸರಿನ ಕಾಯಿಲ್ ಹಳತಾಗಿ ಸೋರಿದ ಕರೆಂಟಿಗೆ ಭೂಮಿಗೆ ಹೋಗೋ ದಾರಿಯೇ ಇಲ್ಲ. ಅದು ಅರ್ಥ್ ವೈರಿನಲ್ಲೇ ಓಡಾಡಿ ಫ್ರಿಡ್ಜಿನ ಮೈಗೆ, ವಾಷಿಂಗ್ ಮಷೀನಿನ ಮೈಗೆ, ನಲ್ಲಿಗೆ ಬಂದು ಕೂತಿತ್ತು. ಕಾಪಾಡಬೇಕಾದ ವೈರೇ ಕರೆಂಟನ್ನು ಮನೆ ತುಂಬ ಹಂಚುತ್ತಿತ್ತು.

ಆ ಪೈಪ್ ಕೆಲಸವನ್ನು ಬೆಂಗಳೂರಿನಿಂದ ಫೋನಿನಲ್ಲೇ ಮಾಡಿಸಿದ್ದು ನಾನು. ಗೀಸರ್ ಕೊಡಿಸಿದ್ದೂ ನಾನು.

ಕರೆಂಟಣ್ಣ ಅವತ್ತೇ ಗೀಸರ್ ಲೈನ್ ಕತ್ತರಿಸಿದರು. ಸಂಕ್ರಾಂತಿ ರಜೆಗೆ ನಾನು ಬಂದು ಕೆಲಸ ಶುರು ಮಾಡಿಸೋವರೆಗೆ ಅವ್ವ ಹಂಡೆಗೆ ಸೌದೆ ಒಟ್ಟಿ ನೀರು ಕಾಯಿಸಿಕೊಂಡಳು.

ಮೂರು ರೇಟು

ಆ ನಡುವೆ ನಾನು ಮೂರು ಕಡೆ ರೇಟು ಕೇಳಿದೆ. ಬೆಂಗಳೂರಿನ ಒಬ್ಬರು ಫೋಟೋ ನೋಡಿಯೇ ಒಂದೂವರೆ ಲಕ್ಷ ಅಂದರು. ಸಂಬಂಧಿಕರೊಬ್ಬರು ಕಳಿಸಿದ ಇನ್ನೊಬ್ಬರು ಹತ್ತು ನಿಮಿಷ ಮನೆ ಸುತ್ತಾಡಿ, ಎರಡು ದಿನದ ಕೆಲಸ, 35 ಸಾವಿರ ಅಂದರು. ಒಂದು ಬೋರ್ಡನ್ನೂ ಬಿಚ್ಚಲಿಲ್ಲ, ಅರ್ಥ್ ಅನ್ನೋ ಪದವನ್ನೂ ಎತ್ತಲಿಲ್ಲ.

ಕರೆಂಟಣ್ಣ ಒಂದೂವರೆ ಗಂಟೆ ತಗೊಂಡರು. ಪ್ರತಿ ಬೋರ್ಡು ಬಿಚ್ಚಿದರು. ಕರೆಂಟ್ ಬಿಲ್ ಕೇಳಿದರು. ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆ ಆದಮೇಲೆ ಅವ್ವ ಅದನ್ನು ಓದೋದೇ ಬಿಟ್ಟಿದ್ದಳು. ಅದರಲ್ಲಿ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಅಂತಿತ್ತು. ನಮ್ಮ ಗೀಸರ್ ಒಂದೇ 2 ಕಿಲೋವ್ಯಾಟ್! ಲೋಡ್ ಹೆಚ್ಚಿಸಲು ಬೆಸ್ಕಾಂಗೆ ಅರ್ಜಿ ಹಾಕಬೇಕು, ಅದಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಬೇಕು ಅಂದರು. ಆ ಲೈಸೆನ್ಸ್ ಕೊಡೋದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. "ನನ್ನ ಹತ್ರ ಅದಿಲ್ಲ, ನಾನು ಯಾರ ಕೈಕೆಳಗೆ ಕೆಲಸ ಮಾಡ್ತೀನೋ ಅವರು ದಾವಣಗೆರೆಯಿಂದ ಬಂದು ಚೆಕ್ ಮಾಡಿ ಸಹಿ ಹಾಕ್ತಾರೆ" ಅಂತ ಅವರಾಗೇ ಹೇಳಿದರು. ಇಲ್ಲದ್ದನ್ನು ಇಲ್ಲ ಅಂದಿದ್ದು ನನಗೆ ಇಷ್ಟವಾಯಿತು.

ಅವರ ಲೆಕ್ಕ: ಸಾಮಾನು ₹41,500, ಕೂಲಿ ₹26,000, ಅರ್ಥ್ ಗುಂಡಿ ₹5,500. ಒಟ್ಟು ₹73,000. ಕೊಟ್ಟಿಗೆಗೆ ಹೊಸ ಲೈನ್ ಎಳೆಯಲು ಇನ್ನೂ ₹6,000.

ಕೊಟ್ಟಿಗೆಯ ಸಾಲನ್ನು ನಾನು ಹೊಡೆದುಹಾಕಿದೆ. ಒಂದು ಬಲ್ಬು ತಾನೇ, ಇರಲಿ ಬಿಡಿ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಆತಮ್ಮ. ಆದ್ರ ಆ ಹಳೇ ಲೈನನ್ನೂ ಆರ್‌ಸಿಸಿಬಿ ಕೆಳಗೇ ಕೊಡ್ತೀನಿ. ಅದಕ್ಕೇನು ದುಡ್ಡು ಬ್ಯಾಡ" ಅಂದರು.

ಏನೇನು ಮಾಡಿಸಿದೆವು

ಸಾಮಾನು ತರಲು ಅವರ ಬೈಕಿನ ಹಿಂದೆ ಕೂತು ದಾವಣಗೆರೆಯ ಮಂಡಿಪೇಟೆಗೆ ನಾನೇ ಹೋದೆ. ಐಎಸ್‌ಐ ಗುರುತಿನ ತಾಮ್ರದ ವೈರು: ಲೈಟು, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ, ಸಾಕೆಟ್ಟುಗಳಿಗೆ 2.5, ಗೀಸರಿಗೆ ಬೇರೆಯದೇ ಲೈನ್, 4. ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು. ಮುಂದೆ ಯಾರೇ ಬಿಚ್ಚಿದರೂ ಗೊಂದಲ ಆಗಬಾರದು ಅಂತ ಬಣ್ಣದಲ್ಲಿ ಅವರು ಒಂದಿಷ್ಟೂ ರಾಜಿ ಆಗಲಿಲ್ಲ.

ವೈರು ಗೋಡೆಯೊಳಗೆ ಹೋಗಲಿ, ನೋಡೋಕೆ ಚೆಂದ ಅಂತ ನನ್ನಾಸೆ. "ಮಣ್ಣಿನ ಗೋಡಿ ಐತಿ. ಕೊರೆದ್ರೆ ಅರ್ಧ ಗೋಡಿ ಕೈಗೆ ಬರ್ತೈತಿ" ಅಂದರು. ಗೋಡೆ ಮೇಲೇ ಬಿಳಿ ಪಿವಿಸಿ ಪಟ್ಟಿಯಲ್ಲಿ ನೀಟಾಗಿ ಎಳೆದರು.

ಹಿತ್ತಲಲ್ಲಿ ಆಳದ ಗುಂಡಿ ತೋಡಿ, ಅರ್ಥ್ ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದರು. ಮತ್ತೆ ಅದೇ ಬಲ್ಬನ್ನು ಫೇಸ್‌ಗೂ ಮೂರನೇ ತೂತಿಗೂ ಇಟ್ಟರು. ಝಗ್ ಅಂತ ಉರಿಯಿತು. ಗುತ್ತಿಗೆದಾರರು ಬಂದು ಮೀಟರ್ ಹಿಡಿದು ಅರ್ಥ್ ಎಷ್ಟು ಓಮ್ ಇದೆ ಅಂತ ಅಳೆದು ಬರೆದುಕೊಂಡರು.

ಇನ್ನು ಆರ್‌ಸಿಸಿಬಿ. ಎಂಸಿಬಿ ಇದ್ದರೆ ಸಾಕಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಎಂಸಿಬಿ ಕಾಪಾಡೋದು ವೈರನ್ನು. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟು ಹರಿಯಬೇಕು. ಮನುಷ್ಯನ ಜೀವ ತೆಗೆಯೋಕೆ ಅದರ ಐನೂರನೇ ಒಂದು ಭಾಗದ ಆಸುಪಾಸಿನ ಕರೆಂಟೂ ಸಾಕಾಗಬಹುದು. ಆರ್‌ಸಿಸಿಬಿ ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ತಾಳೆ ನೋಡುತ್ತದೆ. ದಾರಿಯಲ್ಲಿ 30 ಮಿಲಿಆಂಪಿಯರ್, ಅಂದರೆ 0.03 ಆಂಪಿಯರ್ ಕಡಿಮೆಯಾದರೆ, ಎಲ್ಲೋ ಸೋರಿದೆ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಒಂದರ ಕೆಲಸ ಇನ್ನೊಂದು ಮಾಡಲ್ಲ, ಎರಡೂ ಬೇಕು. ಆರ್‌ಸಿಸಿಬಿ ಇದ್ದರೂ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಕಾಪಾಡಲಾರದು, ಅದೂ ನೆನಪಿರಲಿ.

ಮೇ ತಿಂಗಳ ಆ ರಾತ್ರಿ

ನಾಲ್ಕು ತಿಂಗಳು ಎಲ್ಲ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ಅವ್ವನ ಫೋನು. ಜೋರು ಮಳೆ. ಮನೆಯೆಲ್ಲ ಕತ್ತಲು, ಪಕ್ಕದ ಮನೆಯಲ್ಲಿ ಕರೆಂಟು ಐತಿ. ಆರ್‌ಸಿಸಿಬಿ ಎತ್ತಿದರೆ ಮತ್ತೆ ಬೀಳ್ತೈತಿ.

ಪಕ್ಕದ ಮನೆಯವರು ಫೋನ್ ತಗೊಂಡು, "ಇವೆಲ್ಲ ಹೊಸಾ ತರಲೆ. ಬೈಪಾಸ್ ಮಾಡಿದ್ರಾತು, ಎರಡು ವೈರ್ ಅಷ್ಟೇ, ನಾನೇ ಮಾಡ್ಲಾ?" ಅಂದರು. ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು. ಅವ್ವ ಒಬ್ಬಳೇ ಕತ್ತಲಲ್ಲಿ, ನಾನು 260 ಕಿಲೋಮೀಟರ್ ದೂರದಲ್ಲಿ. ನಿಜ ಹೇಳ್ತೀನಿ, ನನ್ನ ಬಾಯಲ್ಲಿ "ಹ್ಞೂಂ ಮಾಡಿ" ಅಂತ ಬಂದೇಬಿಟ್ಟಿತ್ತು. ಕರೆಂಟಣ್ಣನಿಗೆ ಒಂದು ಮಾತು ಕೇಳಿ ಹೇಳ್ತೀನಿ ಅಂದೆ.

ಅವರು ಫೋನಲ್ಲಿ ಹೇಳಿದ್ದು ಇಷ್ಟೇ: "ಯಾರೂ ಮುಟ್ಟಬ್ಯಾಡ್ರಿ. ಬಂದೆ."

ಮಳೆಯಲ್ಲೇ ಬೈಕಿನಲ್ಲಿ ಬಂದರು. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಎತ್ತುತ್ತಾ ಬಂದರು. ಲೈಟು, ಸರಿ. ಅಡುಗೆಮನೆ, ಸರಿ. ಗೀಸರ್, ಸರಿ. ಕೊಟ್ಟಿಗೆಯದು ಎತ್ತಿದ ಕೂಡಲೇ ಟಪ್ ಅಂತ ಬಿತ್ತು. ಅದೊಂದನ್ನು ಇಳಿಸಿ, ಉಳಿದ ಮನೆಗೆ ಕರೆಂಟು ಕೊಟ್ಟು ಹೋದರು.

ಬೆಳಿಗ್ಗೆ ನೋಡಿದರೆ, ಕೊಟ್ಟಿಗೆಯ ತಗಡಿನ ಅಂಚಿಗೆ ಹಳೇ ವೈರು ಉಜ್ಜಿ ಸಿಪ್ಪೆ ಹರಿದಿತ್ತು. ಮಳೆಗೆ ತೊಯ್ದ ತಗಡು, ಅದಕ್ಕೆ ತಾಗಿದ ಕಬ್ಬಿಣದ ಕಂಬ, ಆ ಕಂಬಕ್ಕೇ ಹಸು ಕಟ್ಟೋದು. ದನಗಳಿಗೆ ಮುಂಗಾಲಿನಿಂದ ಹಿಂಗಾಲಿಗೆ ಹರಿಯುವ ಕರೆಂಟು ಎದೆ ದಾಟಿಯೇ ಹೋಗೋದರಿಂದ ನಮಗಿಂತ ಬೇಗ ಸಾಯುತ್ತವೆ. ಬೆಳಗಿನ ಐದು ಗಂಟೆಗೆ ಅದೇ ಹಸುವಿನ ಪಕ್ಕ ಕೂತು ಹಾಲು ಕರೆಯುವವಳು ಅವ್ವ, ಬರಿಗಾಲಲ್ಲಿ.

ನಾನು ಉಳಿಸಿದ್ದು ಆರು ಸಾವಿರ ರೂಪಾಯಿ.

ಕೊಟ್ಟಿಗೆಗೆ ಹೊಸ ಲೈನ್ ಎಳೆಸಿದೆ. ಕರೆಂಟಣ್ಣ "ಅವತ್ತೇ ಹೇಳಿದ್ನಲ್ಲ" ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರ ಆಗ್ತಿತ್ತೇನೋ.

ನೀವು ಮಾಡಿಸೋದಾದರೆ ಕೇಳಿ

• ವೈರ್‌ಮನ್ ಪರ್ಮಿಟ್ ಇದೆಯಾ? ಸಹಿ ಹಾಕುವ ಲೈಸೆನ್ಸ್‌ದಾರರು ಯಾರು?

• ಬೋರ್ಡು ಬಿಚ್ಚಿ ನೋಡಿ ರೇಟು ಹೇಳ್ತಿದ್ದಾರಾ, ಬಾಗಿಲಲ್ಲೇ ನಿಂತು ಹೇಳ್ತಿದ್ದಾರಾ?

• ಅರ್ಥ್ ಎಲ್ಲಿಗೆ ಕೊಡ್ತೀರಿ? ಉತ್ತರ "ನೀರಿನ ಪೈಪಿಗೆ" ಅಥವಾ "ನ್ಯೂಟ್ರಲ್‌ಗೇ ಸೇರಿಸ್ತೀವಿ" ಅಂತ ಬಂದರೆ ಕೈಮುಗಿದು ಕಳಿಸಿ.

• 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕ್ತೀರಾ? ಕೊಟ್ಟಿಗೆ, ಮೋಟರ್, ಹಿತ್ತಲ ಲೈಟೂ ಅದರ ಕೆಳಗೇ ಬರುತ್ತಾ?

• ಯಾವ ಎಂಸಿಬಿ ಯಾವುದಕ್ಕೆ ಅಂತ ಬಾಕ್ಸಿನ ಬಾಗಿಲ ಒಳಗೆ ಬರೆದು ಅಂಟಿಸ್ತೀರಾ?

• ರಾತ್ರಿ ಹೊತ್ತು ತೊಂದರೆ ಆದರೆ ಬರ್ತೀರಾ? ಊರಿನವರನ್ನೇ ಹುಡುಕೋದು ಇದಕ್ಕಾಗಿ.

ಆರ್‌ಸಿಸಿಬಿ ಮೇಲೆ 'ಟಿ' ಅಂತ ಒಂದು ಪುಟ್ಟ ಗುಂಡಿ ಇರುತ್ತೆ. ಆಗಾಗ ಒತ್ತಿ ನೋಡಬೇಕು, ಬಿದ್ದರೆ ಸರಿಯಾಗಿದೆ ಅಂತ. ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಒತ್ತೋದು ಅಂತ ಅವ್ವ ಲೆಕ್ಕ ಇಟ್ಟುಕೊಂಡಿದ್ದಾಳೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಬಿಂದಿಗೆ ನೀರು ಹಾಕೋದೂ ಅವಳದೇ ಕೆಲಸ. ಫ್ರಿಡ್ಜ್ ತೆಗೆಯುವಾಗ ಮಾತ್ರ ಈಗಲೂ ಚಪ್ಪಲಿ ಹುಡುಕ್ತಾಳೆ. "ರೂಢಿ ಆಗೈತಿ ಬಿಡವ್ವ" ಅಂತಾಳೆ.

ಮುಂದಿನ ಸಲ ಊರಿಗೆ ಹೋದಾಗ "ಮನೇಲಿ ಎಲ್ಲಾ ಸರಿ ಇದೆಯಾ?" ಅಂತ ಕೇಳಬೇಡಿ. ಸರಿ ಇದೆ ಅಂತಲೇ ಹೇಳ್ತಾರೆ. "ಎಲ್ಲಿ ಜುಮ್ ಅನ್ನುತ್ತೆ?" ಅಂತ ಕೇಳಿ. ಫ್ರಿಡ್ಜ್ ಮುಂದೆ ಮಣೆ ಇದೆಯಾ ಅಂತ ಒಮ್ಮೆ ನೋಡಿ.