ಭೂತಕ್ಕೆ ಯಾರ ಮುಖ?

ಕಾರ್ಟೂನ್ ಎಂದೊಡನೆ ಮಕ್ಕಳನ್ನು ಟಿ.ವಿ. ಮುಂದೆ ಕೂರಿಸಿ ನಾವು ಒಳಗಿನ ಕೆಲಸಕ್ಕೆ ಹೋಗಿಬಿಡುವುದು ರೂಢಿ. ಜಪಾನಿನ ಎಲ್ಲ ಕಾರ್ಟೂನುಗಳಿಗೂ ಈ ರೂಢಿ ಹೊಂದುವುದಿಲ್ಲ. 'ಅನಿಮೆ' ಎಂದು ಹೆಸರಾದ ಈ ಚಿತ್ರಗಳಲ್ಲಿ ದೊಡ್ಡವರಿಗೆಂದೇ ಮಾಡಿದವು ಅನೇಕ. ಅವುಗಳಲ್ಲಿ ಭಯಾನಕ ರಸದವೂ ಸಾಕಷ್ಟಿವೆ.

ಇಲ್ಲಿ ತಾವು ಒಂದು ಸಂಗತಿಯನ್ನು ಗಮನಿಸಬೇಕು. ನಟರನ್ನು ಇಟ್ಟುಕೊಂಡು ತೆಗೆದ ಸಿನಿಮಾದಲ್ಲಿ ಆ ನಟನ ಮೂಗು ಇದ್ದ ಹಾಗೆಯೇ ಬರುತ್ತದೆ. ಬರೆದ ಚಿತ್ರದಲ್ಲಿ ಹಲ್ಲು, ಮೈಬಣ್ಣ, ದಪ್ಪ, ಕುಂಟುನಡಿಗೆ ಎಲ್ಲವನ್ನೂ ಯಾರೋ ಕುಳಿತು ತೀರ್ಮಾನಿಸಿರುತ್ತಾರೆ. ಯಾರನ್ನು ಕಂಡು ನಾವು ಹೆದರಬೇಕು, ಯಾರಿಗಾಗಿ ಮರುಗಬೇಕು ಎಂಬುದೂ ಆ ಪೆನ್ಸಿಲ್ಲಿನಲ್ಲೇ ನಿರ್ಧಾರವಾಗಿಬಿಡುತ್ತದೆ.

ಜಪಾನಿನ ಹಳೆಯ ದೆವ್ವದ ಕಥೆಗಳಲ್ಲಿ ಕಾಡುವವಳು ಹೆಚ್ಚಾಗಿ ಹೆಣ್ಣು. 1825ರಲ್ಲಿ ಕಬುಕಿ ರಂಗಕ್ಕೆ ಬಂದ 'ಯೊತ್ಸುಯಾ ಕೈದಾನ್' ನಾಟಕದ ಓಇವಾ ವಿಷದಿಂದ ಮುಖ ವಿಕಾರವಾಗಿ ಸತ್ತು, ವಂಚಿಸಿದ ಗಂಡನ ಬೆನ್ನು ಹತ್ತುತ್ತಾಳೆ. ಮೋಹಿನಿಯ ಕಥೆ ಕೇಳಿ ಬೆಳೆದ ನಮಗೆ ಇದು ತೀರ ಹೊಸದೇನಲ್ಲ. ಬದುಕಿದ್ದಾಗ ಅವಳ ಮಾತಿಗೆ ಕಿವಿಗೊಟ್ಟವರಿಲ್ಲ. ಸತ್ತ ಮೇಲೆ ಎಲ್ಲರೂ ನಡುಗುತ್ತಾರೆ.

ಸತೋಶಿ ಕೋನ್ ನಿರ್ದೇಶಿಸಿದ ಮೊದಲ ಚಿತ್ರ 'ಪರ್ಫೆಕ್ಟ್ ಬ್ಲೂ' (1997) ಈ ಕ್ರಮವನ್ನು ತಿರುಗಿಸಿತು. ಇಲ್ಲಿ ಹೆಣ್ಣು ಬದುಕಿದ್ದಾಳೆ, ಭಯವೂ ಅವಳದೇ. ಮೂವರು ಹುಡುಗಿಯರ ಹಾಡಿನ ತಂಡದಲ್ಲಿದ್ದ ಮಿಮಾ ಗಾಯನ ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಅಭಿಮಾನಿಗಳಿಗೆ ಬೇಕಾದದ್ದು ಮುಗ್ಧೆಯಾದ ಹಳೆಯ ಮಿಮಾ. ಧಾರಾವಾಹಿಯವರು ಅವಳಿಂದ ಬಲಾತ್ಕಾರದ ದೃಶ್ಯವೊಂದನ್ನು ಮಾಡಿಸುತ್ತಾರೆ. ಅವಳು ಒಲ್ಲೆ ಎನ್ನಲಾರಳು. ಇತ್ತ ಯಾರೋ ಅಂತರ್ಜಾಲದಲ್ಲಿ ಅವಳ ಹೆಸರಿನಲ್ಲಿ ದಿನಚರಿ ಬರೆಯುತ್ತಿದ್ದಾರೆ. ಅವಳು ಅಂದು ಏನು ಕೊಂಡಳೆಂಬುದೂ ಅಲ್ಲಿದೆ. ಓದುತ್ತ ಓದುತ್ತ ನಿಜವಾದ ಮಿಮಾ ತಾನೋ ಆ ಬರಹದವಳೋ ಎಂಬ ಗುಮಾನಿ ಅವಳಿಗೇ ಹತ್ತುತ್ತದೆ. ಮನೆಮನೆಗೆ ಅಂತರ್ಜಾಲ ಬರುವ ಮೊದಲೇ ಬಂದ ಈ ಚಿತ್ರ ಇಂದು ನೋಡಿದರೂ ಮೈ ಜುಮ್ಮೆನಿಸುತ್ತದೆ.

ಆದರೆ ಹೆಣ್ಣಿನ ಪರವಾಗಿ ಇಷ್ಟು ಯೋಚಿಸಿದ ಇದೇ ಚಿತ್ರ, ಅವಳನ್ನು ಹಿಂಬಾಲಿಸುವ ದುಷ್ಟನಿಗೆ ಅಗಲವಾಗಿ ಹರಡಿದ ಕಣ್ಣು, ಸೊಟ್ಟ ಹಲ್ಲು ಕೊಟ್ಟಿದೆ. ಕೊನೆಯಲ್ಲಿ ಬಯಲಾಗುವ ಇನ್ನೊಂದು ಪಾತ್ರವೂ (ಹೆಸರು ಹೇಳಿ ರಸಭಂಗ ಮಾಡುವುದಿಲ್ಲ) ಮಿಮಾಳಂತೆ ತೆಳ್ಳಗಿಲ್ಲ, ಚೆಲುವಾಗಿಲ್ಲ. ಕುರೂಪವೇ ಕೇಡು ಎಂಬ ಹಳೆಯ ಲೆಕ್ಕವನ್ನು ಕೋನ್ ಕೂಡ ಬಿಡಲಿಲ್ಲ. ನನಗೆ ಇದು ಚಿತ್ರದ ನಿಜವಾದ ದೋಷವೆನಿಸುತ್ತದೆ.

ಪರದೇಶಿಯರ ಮಾತೇನು? ಹಿರೋಯುಕಿ ಕಿತಾಕುಬೊ ಅವರ 'ಬ್ಲಡ್: ದಿ ಲಾಸ್ಟ್ ವ್ಯಾಂಪೈರ್' (2000) ಒಂದು ಗಂಟೆಯೂ ಇಲ್ಲದ ಚಿತ್ರ. ಕಾಲ 1966, ಸ್ಥಳ ಟೋಕಿಯೊ ಬಳಿ ಯೊಕೊತಾದ ಅಮೆರಿಕನ್ ವಾಯುನೆಲೆ. ರಕ್ತ ಹೀರುವ ಜೀವಿಗಳು ಮನುಷ್ಯವೇಷದಲ್ಲಿ ಅಲ್ಲಿ ಅಡಗಿವೆ. ಪಾತ್ರಗಳು ಇಂಗ್ಲಿಷ್, ಜಪಾನಿ ಎರಡನ್ನೂ ಆಡುತ್ತವೆ. ಎಲ್ಲ ದೇಶದವರ ಬಾಯಲ್ಲೂ ಒಂದೇ ಭಾಷೆ ತುರುಕುವ ಚಿತ್ರಗಳ ನಡುವೆ ಇದು ಪ್ರಾಮಾಣಿಕ ನಡೆ. ಹಿನ್ನೆಲೆಯಲ್ಲಿ ವಿಯೆಟ್ನಾಂ ಯುದ್ಧವಿದೆ. ಯಾರು ರಾಕ್ಷಸರು ಎಂಬ ಪ್ರಶ್ನೆ ಹೇಳದೆಯೇ ಏಳುತ್ತದೆ. ಆದರೂ ಜಪಾನಿನೊಳಗೇ ಇರುವ ಐನು ಜನರು, ಕೊರಿಯಾ ಮೂಲದವರು ಇಂಥ ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ಹೊರಗಿಟ್ಟವರ ಕಡೆಯಿಂದ ಕಥೆ ಹೇಳಿದ ದೊಡ್ಡ ಹೆಸರು ಶಿಗೆರು ಮಿಝುಕಿ (1922–2015). ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಅವರು ನ್ಯೂಬ್ರಿಟನ್ ದ್ವೀಪದಲ್ಲಿ ಎಡಗೈ ಕಳೆದುಕೊಂಡರು; ಮುಂದೆ ಒಂದೇ ಕೈಯಲ್ಲಿ ಬರೆದು ಬದುಕಿದರು. ಅವರ ಕಿತಾರೊ ಒಂಟಿಗಣ್ಣಿನ ಹುಡುಗ, ಮನುಷ್ಯರಿಗಿಂತ ಮೊದಲೇ ಆ ನೆಲದಲ್ಲಿದ್ದ ಭೂತಕುಲದ ಕೊನೆಯ ಕುಡಿ. ಅಂಗ ಊನವಾದವನೇ ಇಲ್ಲಿ ನಾಯಕ. 1968ರಿಂದ ಜಪಾನಿನ ಟಿ.ವಿ.ಯಲ್ಲಿ ಮತ್ತೆ ಮತ್ತೆ ಬಂದ ಈ ಹುಡುಗನ ಹುಟ್ಟಿನ ಕಥೆಯನ್ನು 2023ರಲ್ಲಿ ತೋಯಿ ಸಂಸ್ಥೆ ಚಲನಚಿತ್ರವಾಗಿಸಿತು. 1956ರ ಒಂದು ಹಳ್ಳಿ. ಅಲ್ಲಿನ ಶ್ರೀಮಂತ ಮನೆತನ ದಣಿವನ್ನು ಮರೆಸುವ ಔಷಧವೊಂದನ್ನು ಗುಟ್ಟಾಗಿ ತಯಾರಿಸುತ್ತದೆ. ಆ ಔಷಧಕ್ಕೆ ಬೇಕಾದದ್ದು ಭೂತಕುಲದವರ ರಕ್ತ. ನೋಡುವವರು ಹೆದರುವುದು ಭೂತಗಳಿಗಲ್ಲ, ಆ ಮನೆಯ ಹಿರಿಯರಿಗೆ.

ಈ ಚಿತ್ರಕ್ಕೆ ಜಪಾನಿನಲ್ಲಿ ಹನ್ನೆರಡರೊಳಗಿನ ಮಕ್ಕಳು ಹಿರಿಯರ ಜೊತೆಗೆ ನೋಡಲಿ ಎಂಬ ಸೂಚನೆಯ ಪ್ರಮಾಣಪತ್ರ ದೊರೆತಿದೆ. 'ಪರ್ಫೆಕ್ಟ್ ಬ್ಲೂ' ಮಾತ್ರ ದೊಡ್ಡವರಿಗಷ್ಟೇ. ಮಕ್ಕಳು ಮಲಗಿದ ಮೇಲೆ ಹಾಕಿಕೊಳ್ಳಿ.