ಕ್ಯಾಸೆಟ್ ಆಟಗಳಿಗೊಂದು ಕವಿಚರಿತೆ

'ಮ್ಯಾನಿಕ್ ಮೈನರ್' ಒಂದು ಆಟವೋ, ಎರಡೋ?

1983ರಲ್ಲಿ ಮ್ಯಾಥ್ಯೂ ಸ್ಮಿತ್ ಎಂಬ ಹದಿಹರೆಯದ ಹುಡುಗ ಬರೆದ ಈ ಕಂಪ್ಯೂಟರ್ ಆಟವನ್ನು ಮೊದಲು ಹೊರತಂದದ್ದು ಲಿವರ್‌ಪೂಲ್‌ನ ಬಗ್-ಬೈಟ್ ಕಂಪನಿ. ಸ್ವಲ್ಪ ದಿನಕ್ಕೇ ಸ್ಮಿತ್ ಆ ಕಂಪನಿ ಬಿಟ್ಟರು. ಆಟದ ಹಕ್ಕೂ ಅವರ ಜೊತೆಗೇ ಹೋಯಿತು. ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಎಂಬ ಹೊಸ ಕಂಪನಿಯ ಹೆಸರಲ್ಲಿ ಅದೇ ಆಟ ಮತ್ತೆ ಅಂಗಡಿಗೆ ಬಂತು. ಗಣಿಗಾರ ವಿಲ್ಲಿ ಅವನೇ, ಇಪ್ಪತ್ತು ಗವಿಗಳೂ ಅವೇ. ಆದರೆ ಕಣ್ಣಿಟ್ಟು ನೋಡಿದರೆ ಒಂದು ಗವಿಯಲ್ಲಿ ಹರಿದಾಡುವ ಶತ್ರುಗಳು ಹಳೆಯ ಕಂಪನಿಯ ಲಾಂಛನದ ರೂಪ ತಾಳಿರುವುದು ಕಾಣುತ್ತದೆ. ಬೇಕಾದ ಗವಿಗೆ ನೇರವಾಗಿ ಹಾರುವ ಗುಟ್ಟಿನ ಸಂಕೇತವೂ ಬೇರೆ. ಮೊದಲನೆಯದರಲ್ಲಿ 6031769 ಎಂದು ಒತ್ತಬೇಕು, ಎರಡನೆಯದರಲ್ಲಿ 'ಟೈಪ್‌ರೈಟರ್' ಎಂದು.

ಹಳೆಯ ಆಟಗಳ ಸಮಗ್ರ ಸೂಚಿ ಮಾಡಲು ಕೂತವರಿಗೆ ಮೊದಲ ಹೆಜ್ಜೆಯಲ್ಲೇ ಎದುರಾಗುವ ತೊಡಕು ಇದು. ಓಲೆಗರಿ ಹಿಡಿದು ಕೂತ ನಮ್ಮ ಗ್ರಂಥ ಸಂಪಾದಕರು ಇದನ್ನು ಕಂಡಿದ್ದರೆ 'ಪಾಠಾಂತರ' ಎಂದು ಒಂದೇ ಮಾತಿನಲ್ಲಿ ಗುರುತಿಸುತ್ತಿದ್ದರು. ಕೃತಿ ಒಂದೇ, ಪ್ರತಿಗಳು ಬೇರೆ. ಎರಡನ್ನೂ ದಾಖಲಿಸಬೇಕು, ಎಲ್ಲಿ ಬೇರೆಯಾದವು ಎಂದು ಅಡಿಟಿಪ್ಪಣಿ ಹಾಕಬೇಕು. 1907ರಲ್ಲಿ ಮೊದಲ ಸಂಪುಟ ಕಂಡ 'ಕರ್ನಾಟಕ ಕವಿಚರಿತೆ'ಗಾಗಿ ಆರ್. ನರಸಿಂಹಾಚಾರ್ಯರು ಪಟ್ಟ ಪಾಡು ನನಗೆ ಈ ಆಟಗಳ ಸೂಚಿ ನೋಡುವಾಗಲೆಲ್ಲ ನೆನಪಾಗುತ್ತದೆ.

ಸ್ಮಿತ್ ಆ ಆಟ ಬರೆದದ್ದು ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ. 1982ರ ಏಪ್ರಿಲ್‌ನಲ್ಲಿ ಬ್ರಿಟನ್‌ನಲ್ಲಿ ಬಿಡುಗಡೆಯಾದ, ರಬ್ಬರ್ ಕೀಲಿಗಳ ಪುಟ್ಟ ಕಂಪ್ಯೂಟರ್ ಅದು. 48ಕೆ ಮಾದರಿಗೆ 175 ಪೌಂಡ್. ಮನೆಯ ಟಿವಿಯೇ ಅದರ ಪರದೆ, ಹಾಡು ಕೇಳುವ ಟೇಪ್ ರೆಕಾರ್ಡರೇ ಅದರ ಉಗ್ರಾಣ. ಇದಕ್ಕಾಗಿ ಸಾವಿರಾರು ಆಟಗಳು ಬಂದವು. ದೊಡ್ಡ ಕಂಪನಿಗಳ ಆಟಗಳ ಜೊತೆಗೆ ಮನೆಯ ಕೋಣೆಯಲ್ಲಿ ಕೂತು ಬರೆದು, ಕ್ಯಾಸೆಟ್ಟಿಗೆ ತುಂಬಿ, ಅಂಚೆಯಲ್ಲಿ ಮಾರಿದವೂ ಇದ್ದವು. ಪತ್ರಿಕೆಗಳಲ್ಲಿ ಅಚ್ಚಾದ ಪ್ರೋಗ್ರಾಮನ್ನು ಓದುಗರೇ ಸಾಲು ಸಾಲಾಗಿ ಟೈಪ್ ಮಾಡಿಕೊಂಡು ಆಡುತ್ತಿದ್ದದ್ದೂ ಉಂಟು. ಅವನ್ನೂ ಸೂಚಿಗೆ ಸೇರಿಸಬೇಕೆ? ಸೇರಿಸಲೇಬೇಕು ಎಂಬುದು ನನ್ನ ಪಕ್ಷ. ಆ ಕಾಲದ ಮಕ್ಕಳು ಪ್ರೋಗ್ರಾಮಿಂಗ್ ಕಲಿತದ್ದೇ ಹಾಗೆ.

1995ರಲ್ಲಿ ನೆದರ್ಲೆಂಡ್ಸ್‌ನ ಮಾರ್ಟೈನ್ ವಾನ್ ಡರ್ ಹೈಡೆ 'ವರ್ಲ್ಡ್ ಆಫ್ ಸ್ಪೆಕ್ಟ್ರಮ್' ಎಂಬ ಸಂಗ್ರಹ ಶುರುಮಾಡಿದರು. ಆಟದ ಹೆಸರು, ವರ್ಷ, ಪ್ರಕಾಶಕರು, ಬರೆದವರು, ಕ್ಯಾಸೆಟ್ ಹೊದಿಕೆಯ ಚಿತ್ರ, ಯಾವ ಪತ್ರಿಕೆಯಲ್ಲಿ ವಿಮರ್ಶೆ ಬಂತು ಎಂಬ ವಿವರ, ಹೀಗೆ ಒಂದೊಂದು ಆಟಕ್ಕೂ ಒಂದೊಂದು ಪುಟ. ಹಕ್ಕುದಾರರನ್ನು ಹುಡುಕಿ ಅನುಮತಿ ಕೇಳುವುದೂ ಈ ಕೆಲಸದ ಭಾಗವೇ ಆಯಿತು. ಎಷ್ಟೋ ಜನ ಸಂತೋಷದಿಂದ ಕೊಟ್ಟರು, ಕೆಲವರು ಕೊಡಲಿಲ್ಲ. ಕೊಡದವರ ಆಟಗಳ ಪುಟವನ್ನೂ ಅಳಿಸದೆ, 'ಹಂಚಿಕೆಗೆ ಅನುಮತಿ ಇಲ್ಲ' ಎಂದು ಬರೆದು ಉಳಿಸಿಕೊಂಡ ಶಿಸ್ತು ನನಗೆ ಬಹಳ ಹಿಡಿಸಿತು. ಆಟ ಸಿಗದಿದ್ದರೂ ಅದು ಇತ್ತು ಎಂಬ ಸಂಗತಿ ಉಳಿಯಿತಲ್ಲ!

ಒಂದು ಕ್ಯಾಸೆಟ್ಟಿನಿಂದ ಆಟ ಇಳಿಸಿಕೊಳ್ಳುವುದನ್ನು ನೋಡಬೇಕು. ಗುಂಡಿ ಒತ್ತಿದರೆ ಮೊದಲು ಎಳೆದಂಥ ಏಕನಾದ, ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟೆಗಳು. ಆಮೇಲೆ ಕರ್ಕಶವಾದ ಚೀರಾಟ, ನೀಲಿ-ಹಳದಿ ಗೆರೆಗಳ ನಡುಕ. ಆ ಚೀರಾಟವೇ ಆಟ. ಸೊನ್ನೆಗೆ ಗಿಡ್ಡ ಮಿಡಿತ, ಒಂದಕ್ಕೆ ಅದರ ಎರಡರಷ್ಟು ಉದ್ದದ ಮಿಡಿತ. ಪ್ರತಿ ಕಂತಿನ ಕೊನೆಯಲ್ಲಿ ತಾಳೆ ನೋಡುವುದಕ್ಕೆಂದೇ ಒಂದು ಬೈಟ್ ಇರುತ್ತದೆ. ಲೆಕ್ಕ ಹೊಂದದಿದ್ದರೆ 'ಟೇಪ್ ಲೋಡಿಂಗ್ ಎರರ್' ಎಂದು ನಿಂತುಬಿಡುತ್ತದೆ. ಅಂದಿನ ಮಕ್ಕಳಿಗೆ ಅಳು ತರಿಸುತ್ತಿದ್ದ ಆ ಬೈಟೇ ಇಂದು ಸೂಚಿಕಾರರ ಕೈಹಿಡಿಯುತ್ತಿದೆ. ತೇವ ತಿಂದು ಲೇಪ ಉದುರಿದ ಟೇಪಿನಲ್ಲಿ ಯಾವ ಕಂತು ಸರಿಯಿದೆ, ಯಾವುದು ಕೆಟ್ಟಿದೆ ಎಂದು ಅದೇ ಹೇಳುತ್ತದೆ. ಕೆಟ್ಟದ್ದಕ್ಕೆ ಬದಲಾಗಿ ಇನ್ನೊಂದು ಮನೆಯಲ್ಲಿ ಸಿಕ್ಕ ಪ್ರತಿಯಿಂದ ಆ ಭಾಗ ತುಂಬಿಕೊಳ್ಳಬಹುದು. ಹುಳ ತಿಂದ ಗರಿಯನ್ನು ಇನ್ನೊಂದು ಮಠದ ಕಟ್ಟಿನಿಂದ ಪೂರೈಸಿಕೊಂಡ ಹಾಗೆ.

ಪೂರೈಸಿಕೊಳ್ಳಲಾಗದವೂ ಇವೆ. ದುರ್ವಿನೀತ, ಜಯಬಂಧು ಮುಂತಾದವರು ಕನ್ನಡದಲ್ಲಿ ಬರೆದಿದ್ದರೆಂದು ನಮಗೆ ಗೊತ್ತಿರುವುದು ಕವಿರಾಜಮಾರ್ಗ ಅವರನ್ನು ಹೆಸರಿಸಿದ್ದರಿಂದ. ಅವರ ಕನ್ನಡ ಕೃತಿಗಳು ಕೈಗೆ ಬಂದಿಲ್ಲ. ಸ್ಪೆಕ್ಟ್ರಮ್ ಸೂಚಿಯಲ್ಲೂ ಅಂಥ ಸಾಲುಗಳಿವೆ. ಪತ್ರಿಕೆಯಲ್ಲಿ ಜಾಹೀರಾತು ಇದೆ, ವಿಮರ್ಶೆಯೂ ಇದೆ, ಕ್ಯಾಸೆಟ್ ಮಾತ್ರ ಎಲ್ಲೂ ಇಲ್ಲ. ಇನ್ನು ಕೆಲವು ಹುಟ್ಟಲೇ ಇಲ್ಲ. ಲಿವರ್‌ಪೂಲ್‌ನ ಇಮ್ಯಾಜಿನ್ ಕಂಪನಿ 'ಬ್ಯಾಂಡರ್‌ಸ್ನ್ಯಾಚ್' ಬರುತ್ತದೆ ಎಂದು ಭಾರೀ ಜಾಹೀರಾತು ಕೊಟ್ಟು, 1984ರಲ್ಲಿ ದಿವಾಳಿಯಾಯಿತು. ಕಳೆದುಹೋದದ್ದನ್ನೂ ಹುಟ್ಟದೇ ಇದ್ದದ್ದನ್ನೂ ಬೇರೆಬೇರೆಯಾಗಿ ಗುರುತು ಮಾಡದಿದ್ದರೆ ಮುಂದಿನವರು ಇಲ್ಲದ ಕ್ಯಾಸೆಟ್ಟಿಗಾಗಿ ಅಟ್ಟ ಜಾಲಾಡಬೇಕಾದೀತು.

ಬರೆದವರು ಯಾರು ಎಂಬ ಅಂಕಣ ತುಂಬುವುದು ಎಲ್ಲಕ್ಕಿಂತ ಕಷ್ಟ. 1982ರ 'ದ ಹಾಬಿಟ್' ಆಟವನ್ನು ಮೆಲ್ಬರ್ನ್‌ನಲ್ಲಿ ಫಿಲಿಪ್ ಮಿಚೆಲ್ ಜೊತೆ ಕಟ್ಟಿದವರು ವೆರೋನಿಕಾ ಮೆಗ್ಲರ್ ಎಂಬ ವಿದ್ಯಾರ್ಥಿನಿ. ಅವರ ಪಾಲು ಎಷ್ಟು ದೊಡ್ಡದೆಂದು ಆಡುವವರಿಗೆ ತಿಳಿಯಲು ದಶಕಗಳೇ ಬೇಕಾದವು. ಅಟಾರಿ ಕಂಪನಿಯಂತೂ ಆಟ ಬರೆದವರ ಹೆಸರನ್ನೇ ಹಾಕುತ್ತಿರಲಿಲ್ಲ. ಅದಕ್ಕೇ ವಾರನ್ ರಾಬಿನೆಟ್ ತಮ್ಮ 'ಅಡ್ವೆಂಚರ್' ಆಟದೊಳಗೆ ಒಂದು ಗುಪ್ತ ಕೋಣೆ ಕಟ್ಟಿ, ಅಲ್ಲಿ ತಮ್ಮ ಹೆಸರು ಬರೆದಿಟ್ಟರು. ವಚನದೊಳಗೇ ಕೂತ ಅಂಕಿತದಂತೆ ಅದು ಆಟದ ಜೊತೆಗೇ ಉಳಿಯಿತು.

2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಇನ್ನು ನಮ್ಮ ಕಡೆಗೆ ಬಂದರೆ, ಸ್ಪೆಕ್ಟ್ರಮ್ ನಮ್ಮ ದೇಶದಲ್ಲೂ 1986ರಿಂದ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಎಂಬ ಹೆಸರಲ್ಲಿ ಮಾರಾಟವಾಗಿತ್ತು. ನನ್ನ ಓರಗೆಯವರು ಕಂಡದ್ದು ಮಾತ್ರ ತೊಂಬತ್ತರ ದಶಕದ ಕಂಪ್ಯೂಟರ್ ಕ್ಲಾಸಿನ ಡಾಸ್ ಆಟಗಳನ್ನು. ಚಪ್ಪಲಿ ಹೊರಗೆ ಬಿಟ್ಟು, ಎಸಿ ಕೋಣೆಯೊಳಗೆ ಹೋಗಿ, ಮೇಷ್ಟ್ರು ಅತ್ತ ಹೋದದ್ದೇ 'ಪ್ರಿನ್ಸ್ ಮೆಗಾಹಿಟ್' ಎಂದು ಟೈಪಿಸುತ್ತಿದ್ದೆವು. ಆ ಪದ ಹಾಕಿದರೆ ಹಂತ ಹಾರಿಸಬಹುದಿತ್ತು. 'ಪ್ರಿನ್ಸ್ ಆಫ್ ಪರ್ಷಿಯಾ' ಬರೆದದ್ದು ಜೋರ್ಡನ್ ಮೆಕ್ನರ್, 'ಡೇಂಜರಸ್ ಡೇವ್' ಜಾನ್ ರೊಮೆರೊ ಅವರದ್ದು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೆಕ್ನರ್ ತಾವೇ ಬರೆದ ಮೂಲ ಪ್ರೋಗ್ರಾಮನ್ನು ಕಳೆದುಕೊಂಡಿದ್ದರು. ಅವರ ತಂದೆಗೆ ಮನೆಯಲ್ಲಿ ಹಳೆಯ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿ, 2012ರಲ್ಲಿ ಸಂಗ್ರಾಹಕರ ನೆರವಿನಿಂದ ಅದನ್ನು ಓದಿ ತೆಗೆದರು.

ನನ್ನ ಬಳಿ ಆ ಕಾಲದ ಒಂದು ಫ್ಲಾಪಿ ಉಳಿದಿದೆ. ಲೇಬಲ್ ಮೇಲೆ ನೀಲಿ ಪೆನ್ನಿನಲ್ಲಿ 'ಡೇವ್, ಪ್ರಿನ್ಸ್' ಎಂದು ಗೆಳೆಯನ ಅಕ್ಷರ. ಮೊನ್ನೆ ಡ್ರೈವ್ ಒಂದನ್ನು ಎರವಲು ತಂದು ಹಾಕಿದೆ. ಡೇವ್ ತೆರೆದುಕೊಂಡಿತು. ಪ್ರಿನ್ಸ್‌ನ ಎರಡು ಕಡತಗಳು ಓದಲಾಗಲಿಲ್ಲ. ಒಂದು ನೋಟ್‌ಬುಕ್ ತೆಗೆದು ಬರೆದುಕೊಂಡೆ: ಪ್ರತಿಯಿಂದ ಮಾಡಿದ ಪ್ರತಿ, ಮೂಲ ತಿಳಿಯದು. ಕೈಪಿಡಿ ಇಲ್ಲ. ಒಂದು ಆಟ ಪೂರ್ಣ, ಒಂದು ಅಪೂರ್ಣ.