ಕೀಲಿಕೈ ಹೊಸದು, ಕೀಲಿ ಹಳೆಯದು

ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿಯ ಕಡೆ ಬಾಗಿಲಿಗೆ ಹಾಕುವುದು ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಅಂಗಡಿಯಲ್ಲಿ ಕೊಂಡರೆ ಎರಡೂ ಒಟ್ಟಿಗೇ ಬರುತ್ತವೆ. ಜಾಲತಾಣಗಳ ಲೋಕದಲ್ಲಿ ಹಾಗಲ್ಲ. ಅಲ್ಲಿ ಕೀಲಿ ಮಾಡುವವನೊಬ್ಬ, ಕೀಲಿಕೈ ಮಾಡುವವನೊಬ್ಬ, ಇಬ್ಬರಿಗೂ ಮಾತುಕತೆಯಿಲ್ಲ.

ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ ಎಂದಿಟ್ಟುಕೊಳ್ಳಿ. ‘ಪಾಸ್‌ವರ್ಡ್ ಬದಲಿಸಿ’ ಎನ್ನುತ್ತದೆ ಜಾಲತಾಣ. ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಮುಖ್ಯ ಪಾಸ್‌ವರ್ಡ್‌ನ ಹಿಂದೆ ಕಾಪಿಡುವ ತಂತ್ರಾಂಶ, ಅಂದರೆ ಪಾಸ್‌ವರ್ಡ್ ಮ್ಯಾನೇಜರ್, 20 ಅಕ್ಷರಗಳ ಹೊಸದೊಂದನ್ನು ಹೆಣೆದು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಜಾಲತಾಣವೋ ಆ ಚಿಹ್ನೆ ಒಲ್ಲೆ ಎನ್ನುತ್ತದೆ. ಇಲ್ಲವೇ ಸದ್ದಿಲ್ಲದೆ ಮೊದಲ 16 ಅಕ್ಷರಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಹಳೇದೂ ಹೋತು, ಹೊಸಾದೂ ಹತ್ತವಲ್ದು! ನಾಲ್ಕೈದು ಸಲ ತಪ್ಪಿದರೆ ಖಾತೆಯೇ ಬಂದ್. ಒಟಿಪಿ ತರಿಸೋಣವೆಂದರೆ ಅದು ಹೋಗುವುದು ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ.

ಅಷ್ಟಕ್ಕೂ ಬದಲಿಸುವುದೇಕೆ? 2003ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯ ಬಿಲ್ ಬರ್ ಬರೆದ ಮಾರ್ಗಸೂಚಿಯಿಂದ ಈ ಪದ್ಧತಿ ಲೋಕವೆಲ್ಲ ಹಬ್ಬಿತು. 2017ರಲ್ಲಿ ಅದೇ ಸಂಸ್ಥೆ ಮಾತು ತಿರುಗಿಸಿತು: ಸೋರಿಕೆಯ ಸುಳಿವಿಲ್ಲದೆ ಬದಲಿಸಲು ಒತ್ತಾಯಿಸಬೇಡಿ, ಕನಿಷ್ಠ 64 ಅಕ್ಷರಗಳವರೆಗೆ ಅವಕಾಶವಿರಲಿ, ನಕಲು ಮಾಡಿ ಅಂಟಿಸಲು ಬಿಡಿ. ಬರ್ ಸ್ವತಃ ಪತ್ರಿಕೆಯೊಂದರ ಮುಂದೆ ಪಶ್ಚಾತ್ತಾಪಪಟ್ಟರು. ನಮ್ಮ ಎಷ್ಟೋ ಜಾಲತಾಣಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಉದ್ದದ ಮಹಿಮೆ ಲೆಕ್ಕದಲ್ಲೇ ಇದೆ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ 8 ಅಕ್ಷರದ ಪಾಸ್‌ವರ್ಡ್‌ಗಳು ಸುಮಾರು 20,882 ಕೋಟಿ ಆಗಬಹುದು. ನಾಲ್ಕೇ ಅಕ್ಷರ ಕೂಡಿಸಿ, ಅದು 4,56,976 ಪಟ್ಟು ಆಗುತ್ತದೆ. ಹೀಗಿರುವಾಗ ಉದ್ದವನ್ನೇ ಕತ್ತರಿಸುವ ಜಾಲತಾಣಕ್ಕೆ ಏನೆನ್ನೋಣ?

ಪಾಸ್‌ವರ್ಡ್ ಬದಲಿಸುವ ಪುಟಕ್ಕೆ ಎಲ್ಲ ಜಾಲತಾಣಗಳಲ್ಲೂ ಒಂದೇ ಬಗೆಯ ವಿಳಾಸವಿರಲಿ ಎಂಬ ಕರಡೊಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂನಲ್ಲಿ ಸಿದ್ಧವಾಗಿದೆ. ಆದರೆ ಅದು ಬಾಗಿಲು ತೋರಿಸೀತು, ಕೀಲಿ ಬದಲಿಸಿಕೊಡದು.

ಸಿಕ್ಕಿಬಿದ್ದವರು ಮೊದಲು ಮ್ಯಾನೇಜರ್‌ನಲ್ಲಿ ಹಳೆಯ ಪಾಸ್‌ವರ್ಡ್‌ಗಳ ಇತಿಹಾಸವನ್ನು ನೋಡಬೇಕು. ಬಿಟ್‌ವಾರ್ಡನ್‌ನಂಥವು ಹಿಂದಿನ ಐದನ್ನು ಉಳಿಸಿಟ್ಟಿರುತ್ತವೆ. ಮುಂದಿನ ಸಲ ಬದಲಿಸುವಾಗ ತೆರೆದ ಪುಟವನ್ನು ಮುಚ್ಚದೆ, ಇನ್ನೊಂದು ಬ್ರೌಸರ್‌ನಲ್ಲಿ ಹೊಸದನ್ನು ಹಾಕಿ ಒಳಹೊಕ್ಕು ನೋಡಬೇಕು. ಅದು ಹತ್ತುವವರೆಗೆ ಹಳೆಯದು ಒಂದು ಚೀಟಿಯಲ್ಲಿರಲಿ.